ಮೊದಲೋಟಿನ ಜಾಗ

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ‘ಆಮೇಲೆ, ಆಮೇಲೆ’ ಅಂತ ಯಾರೂ ಅವಸರ ಮಾಡಬೇಡಿ, ಕತೆ ಅದರ ಕಾಲಲ್ಲೇ ನಡೀಲಿ.

ಕಡ್ಲೇಹಟ್ಟಿ ಅಂತ ಒಂದು ಊರು. ಆ ಊರಲ್ಲಿ ಪುಟ್ಟೀರವ್ವ ಅಂತ ಒಬ್ಬ ತಾಯಿ. ಅವಳಿಗೆ ಗವಿರಂಗ ಅಂತ ಒಬ್ಬನೇ ಮಗ. ತೋಳು ನೋಡಿದರೆ ಒನಕೆ, ಎದೆ ನೋಡಿದರೆ ಬಾಗಿಲು. ಬುದ್ಧಿ? ಇತ್ತು, ಇಲ್ಲ ಅನ್ನೋ ಹಾಗಿಲ್ಲ. ಆದರೆ ಅದರಲ್ಲಿ ಒಂದು ಸಲಕ್ಕೆ ಒಂದೇ ಮಾತು ಹಿಡಿಸೋದು. ಅವ್ವ ಕೊನೆಗೆ ಹೇಳಿದ್ದು ಒಳಗೆ, ಅದಕ್ಕೂ ಹಿಂದಿನದೆಲ್ಲಾ ಹೊರಗೆ!

“ನೀರು ತಗೊಂಡು ಬಾರೋ, ಚೆಲ್ಲಬೇಡ” ಅಂದರೆ ತುಂಬಿದ ಕೊಡ ತರೋನು. ತಂದು, ಹೊತ್ತುಕೊಂಡೇ ನಿಂತಿರೋನು.

“ಹಂಡೆಗೆ ಹುಯ್ಯೋ!”

“ಚೆಲ್ಲಬೇಡ ಅಂದ್ಯಲ್ಲವ್ವ!”

“ಅಯ್ಯೋ ನನ್ನ ಹಣೆಬರಹವೇ!” ಅಂತ ಅವ್ವ ಹಣೆ ಹಣೆ ಚಚ್ಚಿಕೊಳ್ಳೋಳು. ಗವಿರಂಗನಿಗೆ ಅದರಿಂದ ಬೇಜಾರಾಗುತ್ತಿತ್ತಾ? ಇಲ್ಲವೇ ಇಲ್ಲ. ಯಾವ ಕೆಲಸ ಹೇಳಿದರೂ ಎದೆ ತಟ್ಟಿಕೊಂಡು ಒಂದೇ ಮಾತು: “ಅಷ್ಟೇ ತಾನೇ? ಆಯ್ತು ಅಂದ್ಕೋ!”

ಇನ್ನು ಆ ಊರಲ್ಲಿ ಮೂವರು ಪುಟ್ಟೀರವ್ವಂದಿರು. ಒಬ್ಬಳು ಎಮ್ಮೆ ಪುಟ್ಟೀರವ್ವ. ಒಬ್ಬಳು ಮೂಲೆಮನೆ ಪುಟ್ಟೀರವ್ವ. ನಮ್ಮವಳು ಮೊದಲೋಟಿನ ಪುಟ್ಟೀರವ್ವ. ಯಾಕೆ ಅಂದ್ರೆ, ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಯಾವ ಓಟು ಬರಲಿ, ಹೆಂಗಸರ ಸಾಲಿನಲ್ಲಿ ಮೊದಲು ನಿಲ್ಲೋಳು ಅವಳೇ, ಬೆರಳಿಗೆ ಮೊದಲು ಮಸಿ ಹಚ್ಚಿಸಿಕೊಳ್ಳೋಳು ಅವಳೇ. ಎಮ್ಮೆ ಇಲ್ಲ, ಮೂಲೆಮನೆ ಇಲ್ಲ, ಅವಳಿಗೆ ಇದ್ದದ್ದು ಆ ಮೊದಲನೇ ಜಾಗ ಒಂದೇ. ಅವಳ ಬೆನ್ನ ಹಿಂದೆಯೇ ಎರಡನೆಯವಳಾಗಿ ನಿಲ್ಲೋಳು ಪಕ್ಕದ ಮನೆ ದ್ಯಾವಮ್ಮ. ಎರಡನೆಯವಳಿಗೆ ಯಾರು ಹೆಸರು ಕೊಡ್ತಾರೆ? ಅದೇ ಅವಳ ಹೊಟ್ಟೆಯುರಿ.

ಈ ದ್ಯಾವಮ್ಮ ದಿನಾ ಬೆಳಗಾದರೆ ಬಾಗಿಲಲ್ಲಿ ಹಾಜರು. ಒಂದು ದಿನ ಹೆಪ್ಪಿಗೆ ಮಜ್ಜಿಗೆ, ಒಂದು ದಿನ ಹುಣಸೆಹಣ್ಣು, ಒಂದು ದಿನ ಒಲೆಗೆ ಕೆಂಡ ಕೇಳೋಳು. ಪುಟ್ಟೀರವ್ವನಿಗೆ ಸಾಕಾಗಿಹೋಯ್ತು.

“ರಂಗಾ, ನಾನು ಒಳಗೆ ರಾಗಿ ಬೀಸ್ತೀನಿ. ಯಾರೇ ಬಂದು ಕೇಳಿದ್ರೂ ಮನೇಲಿ ಯಾರೂ ಇಲ್ಲ ಅನ್ನು.”

“ಅಷ್ಟೇ ತಾನೇ? ಆಯ್ತು ಅಂದ್ಕೋ!”

ಅವತ್ತು ದ್ಯಾವಮ್ಮ ಬರಲಿಲ್ಲ. ಹೆಗಲಿಗೆ ಚೀಲ ಹಾಕ್ಕೊಂಡು, ಓಟಿನ ಪಟ್ಟಿ ಹಿಡ್ಕೊಂಡು ಸರ್ಕಾರದೋರು ಇಬ್ಬರು ಬಂದರು. ಮನೆ ಮನೆಗೆ ಹೋಗಿ ಯಾರಿದ್ದಾರೆ, ಯಾರಿಲ್ಲ ಅಂತ ನೋಡೋ ಕೆಲಸ ಅವರದು.

“ಈ ಮನೇಲಿ ಯಾರಿದ್ದೀರಪ್ಪ?”

“ಯಾರೂ ಇಲ್ಲ.”

“ಮತ್ತೆ ನೀನು?”

“ನಾನೂ ಇಲ್ಲ.”

“ಒಳಗೆ ಬೀಸೋ ಸದ್ದು ಕೇಳ್ತಾ ಇದೆಯಲ್ಲ?”

“ಬೀಸೋರೂ ಇಲ್ಲ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ದಿನ ಬಂದರು. ಅವತ್ತೂ ಗವಿರಂಗ ಜಗುಲಿ ಮೇಲೆ ಕಾಲು ಇಳಿಬಿಟ್ಟುಕೊಂಡು, “ಯಾರೂ ಇಲ್ಲ!” ಅಂದ. ಇಲ್ಲದಿರೋ ಮನೆಗೆ ಎಷ್ಟು ಸಲ ಬರೋದು? ಗೀಟು ಎಳೆದು ಹೊರಟುಹೋದರು.

ಪಟ್ಟಿ ಶಾಲೆ ಗೋಡೆಗೆ ಬಂತು. ಪುಟ್ಟೀರವ್ವ ಹೋದಳು. ಓದೋರ ಕೈಲಿ ಓದಿಸಿದಳು. ಎಮ್ಮೆ ಪುಟ್ಟೀರವ್ವ ಇದ್ದಾಳೆ, ಮೂಲೆಮನೆ ಪುಟ್ಟೀರವ್ವ ಇದ್ದಾಳೆ, ಮೊದಲೋಟಿನ ಪುಟ್ಟೀರವ್ವ ಇಲ್ಲ! ಇನ್ನೊಂದು ಸಲ ಓದಿ ಅಂದಳು. ಇನ್ನೊಂದು ಸಲವೂ ಇಲ್ಲ!

ಹಿಂದೆಯೇ ನಿಂತಿದ್ದ ದ್ಯಾವಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. “ಅಯ್ಯೋ ಪಾಪ. ಇನ್ಮೇಲೆ ನನ್ನನ್ನ ಮೊದಲೋಟಿನ ದ್ಯಾವಮ್ಮ ಅಂತಾರೋ ಏನೋ.”

ಪುಟ್ಟೀರವ್ವ ಸಿಟ್ಟಿನಲ್ಲಿ ತಿರುಗಿ ಶಾಲೆ ಮೆಟ್ಟಿಲು ಇಳಿದಳು. ಇಳಿದಳೋ ಹಾರಿದಳೋ, ಕಾಲು ಉಳುಕಿತು. ನಾಟಿ ವೈದ್ಯ ಬಂದು ಬಿದಿರು ದಬ್ಬೆ ಕಟ್ಟಿದ. “ನಾನು ಬಿಚ್ಚೋವರೆಗೂ ಹೊಸ್ತಿಲು ದಾಟಬೇಡ ತಾಯಿ” ಅಂದ.

ಅಷ್ಟರಲ್ಲಿ ಬೀದೀಲಿ ತಮಟೆ. “ಓಟಿನ ಪಟ್ಟೀಲಿ ಹೆಸರು ಬಿಟ್ಟುಹೋದೋರು ಕೇಳ್ರಪ್ಪೋ! ಹೋಬಳಿ ಕಚೇರೀಲಿ ತಡದ ಅರ್ಜಿ ತಗೋತಾರೆ! ಶನಿವಾರ ಸಂಜೆ ಐದು ಗಂಟೆಗೆ ಬಾಗಿಲು! ಆಮೇಲೆ ಬಂದೋರಿಗೆ ಇಲ್ಲಾ!”

ಪುಟ್ಟೀರವ್ವ ಅಂಗನವಾಡಿ ಟೀಚರ್ ಕೈಲಿ ಅರ್ಜಿ ಬರೆಸಿದಳು. ಪೆಟ್ಟಿಗೆ ತಳದಲ್ಲಿದ್ದ ಪುಟಾಣಿ ಫೋಟೋ ಅಂಟಿಸಿದಳು. ಹೆಬ್ಬೆಟ್ಟು ಒತ್ತಿದಳು. ಕಾಲು ನೋಡಿಕೊಂಡಳು, ಮಗನನ್ನ ನೋಡಿದಳು, ಮತ್ತೆ ಕಾಲು ನೋಡಿಕೊಂಡಳು. ಬೇರೆ ಯಾರಿದ್ದಾರೆ ಹೇಳಿ?

“ಲೋ ರಂಗಾ! ಎಲ್ಲಾ ನಿನ್ನಿಂದ ಆದದ್ದು! ಸರ್ಕಾರದೋರು ಕೇಳಿದ್ರೆ ಯಾರೂ ಇಲ್ಲ ಅಂತಾರೇನೋ? ಅವರು ಕೇಳಿದ್ರೆ ಎಲ್ಲಾ ಹೇಳ್ಬೇಕು! ಒಂದು ಚೂರೂ ಮುಚ್ಚಿಡಬಾರದು! ತಗೋ ಅರ್ಜಿ, ಕೊಟ್ಟು ಬಾ.”

“ಅಷ್ಟೇ ತಾನೇ? ಆಯ್ತು ಅಂದ್ಕೋ!”

ಬುಧವಾರ ಹೊರಟ. ಹೋಬಳಿ ಕಚೇರಿ ಪಡಸಾಲೇಲಿ ತಡದ ಅರ್ಜಿಗೇ ಅಂತ ಒಂದು ಮೇಜು. ಮೇಜಿನ ಹಿಂದೆ ಪಂಕಜಾಕ್ಷಿ ಮೇಡಂ. ಮುಂದೆ ಸಾಲು, ಸಾಲಿನಲ್ಲಿ ಊರೂರಿನವರು. ಗವಿರಂಗನ ಸರದಿ ಬಂತು.

“ಹೇಳಪ್ಪ, ಏನು ವಿಷಯ?”

ಎಲ್ಲಾ ಹೇಳಬೇಕು, ಒಂದು ಚೂರೂ ಮುಚ್ಚಿಡಬಾರದು. ಗವಿರಂಗ ಗಂಟಲು ಸರಿಮಾಡಿಕೊಂಡ.

“ನಮ್ಮ ಮನೇಲಿ ಮೂರು ಕೋಳಿ ಮೇಡಂ. ಕೆಂದ ಕೋಳಿ ಮೊಟ್ಟೆ ಇಡಲ್ಲ. ಹಿತ್ತಲಲ್ಲಿ ನುಗ್ಗೆಮರ. ಅದರ ಕೊಂಬೆ ದ್ಯಾವಮ್ಮತ್ತೆ ಮನೆ ಕಡೆ ಬಾಗಿದೆ, ಕಾಯಿ ಅವರೇ ಕಿತ್ಕೋತಾರೆ. ನಮ್ಮವ್ವ ನೋಡಿದ್ರೂ ನೋಡದ ಹಾಗೆ ಇರ್ತಾರೆ, ಆಮೇಲೆ ಒಳಗೆ ಬಂದು ಬೈತಾರೆ...”

“ಅದಲ್ಲಪ್ಪ, ಅರ್ಜಿ...”

“ಬತ್ತೀನಿ ಮೇಡಂ, ಅರ್ಜಿಗೂ ಬತ್ತೀನಿ. ಅವ್ವನ ಎಡಗಡೆ ಹಲ್ಲು ಅಲ್ಲಾಡ್ತದೆ. ಉಪ್ಪಿನಕಾಯಿ ಜಾಡಿ ಅಟ್ಟದ ಮೇಲಿದೆ, ನನಗೆ ಸಿಗಬಾರದು ಅಂತ. ಆದ್ರೆ ನನಗೆ ಗೊತ್ತು. ನನಗೆ ಗೊತ್ತು ಅಂತ ಅವ್ವನಿಗೆ ಗೊತ್ತಿಲ್ಲ...”

ಹಿಂದಿನವರು “ಲೋ, ಬೇಗ ಮುಗಿಸೋ!” ಅಂತ ಕೂಗಿದರು. ಇವನು ತಿರುಗಿ, “ಮುಚ್ಚಿಡಬಾರದು ಕಣ್ರಪ್ಪ, ಸರ್ಕಾರ ಇದು!” ಅಂತ ಅವರಿಗೇ ಬುದ್ಧಿ ಹೇಳಿದ. ಹಸು ಈದ ಕತೆ ಹೇಳಿದ. ಸೂರು ಸೋರಿದ ಕತೆ ಹೇಳಿದ. ಅಜ್ಜನ ಕಾಲದ ಜಗಳ ಹೇಳಿದ. ಅವನು ತನ್ನ ಹುಟ್ಟಿನ ಹೊತ್ತಿಗೆ ಬರೋಷ್ಟರಲ್ಲಿ ಮೇಡಂ ಮೇಜಿಗೆ ಬೀಗ ಹಾಕುತ್ತಿದ್ದರು. “ಕಚೇರಿ ಮುಗೀತಪ್ಪ. ನಾಳೆ ಬಾ.”

ಮನೆಗೆ ಬಂದ.

“ಕೊಟ್ಯೇನೋ ಅರ್ಜಿ?”

“ಎಲ್ಲಾ ಹೇಳ್ದೆ ಕಣವ್ವ! ಉಪ್ಪಿನಕಾಯಿ ಜಾಡೀನೂ ಬಿಡಲಿಲ್ಲ. ಅರ್ಜಿ ಕೊಡೋಕೆ ಹೊತ್ತೇ ಸಾಲಲಿಲ್ಲ.”

“ಅಯ್ಯೋ ನನ್ನ ಹಣೆಬರಹವೇ! ಮನೆ ಮಾನ ಎಲ್ಲಾ ಬೀದಿಗೆ ಹರವಿ ಬಂದ್ಯೇನೋ? ಅಲ್ಲಿ ಬಾಯಿ ಬಿಡಬಾರದು ಕಣೋ! ಆಕಾಶ ಕಳಚಿ ಬಿದ್ರೂ ಬಾಯಿ ಬಿಡಬಾರದು! ಅರ್ಜಿ ಮುಂದಿಡು, ಕೈ ಮುಗಿದು ನಿಂತ್ಕೋ!”

“ಅಷ್ಟೇ ತಾನೇ? ಆಯ್ತು ಅಂದ್ಕೋ!”

ಗುರುವಾರ ಹೊರಟ. ಅರ್ಜಿ ಮೇಜಿನ ಮೇಲಿಟ್ಟ. ಕೈ ಮುಗಿದ. ಬಾಯಿ ಮುಚ್ಚಿ ನಿಂತ.

“ಓಹೋ, ನೀನಾ?” ಅಂದರು ಮೇಡಂ, ಸ್ವಲ್ಪ ಹೆದರಿಕೊಂಡೇ. “ಇವತ್ತು ಚಿಕ್ಕದಾಗಿ ಹೇಳು. ಹೆಸರು?”

ಮಾತಿಲ್ಲ.

“ಊರು?”

ಮಾತಿಲ್ಲ.

“ಪಾಪ, ನಿನ್ನೆ ಮಾತಾಡಿ ಮಾತಾಡಿ ಗಂಟಲೇ ಹೋಗಿದೆ. ನೀರು ಕುಡೀತೀಯಾ?”

ನೀರು ಕುಡಿಯೋಕೂ ಬಾಯಿ ಬಿಡಬೇಕಲ್ಲ! ಗವಿರಂಗ ಕತ್ತು ಅಲ್ಲಾಡಿಸಿದ. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ತಲೆ ಮೇಲಿನ ಫ್ಯಾನು ಗಿರ್ರನೆ ತಿರುಗಿತು. ಅರ್ಜಿ ಎದ್ದಿತು, ಮೇಡಂ ತಲೆ ಮೇಲೆ ಹಾರಿತು, ಕಿಟಕಿ ದಾಟಿ ಅಂಗಳಕ್ಕೆ ಬಿತ್ತು. ಅಂಗಳದಲ್ಲಿ ಒಂದು ಆಡು. ಮೇಡಂ ಬಗ್ಗಿ ಮೇಜಿನ ಕೆಳಗೆ ಹುಡುಕುತ್ತಿದ್ದಾರೆ. ಗವಿರಂಗ ಕಿಟಕಿಯಲ್ಲಿ ನೋಡುತ್ತಲೇ ಇದ್ದಾನೆ. ಆಡು ಮೊದಲು ಒಂದು ಮೂಲೆ ಕಚ್ಚಿತು. ರುಚಿ ನೋಡಿತು. ಹೆಬ್ಬೆಟ್ಟಿನ ಗುರುತು ತಿಂದಿತು. ಅವ್ವನ ಫೋಟೋನೂ ತಿಂದಿತು. ಗಡ್ಡ ಅಲ್ಲಾಡಿಸಿ ಇವನ ಕಡೆ ನೋಡಿತು. ಕೂಗೋಣ ಅನ್ನಿಸಿತು ಗವಿರಂಗನಿಗೆ. ಆದರೆ ಆಕಾಶ ಕಳಚಿ ಬಿದ್ದರೂ ಬಾಯಿ ಬಿಡಬಾರದು ಅಂದಮೇಲೆ ಆಡು ಯಾವ ಲೆಕ್ಕ? ತೋರಿಸೋಣ ಅಂದರೆ ಮುಗಿದ ಕೈ ಬಿಡಿಸು ಅಂತ ಅವ್ವ ಹೇಳಿಲ್ಲ!

ಮುಗಿದ ಕೈಯಲ್ಲೇ ಮನೆಗೆ ಬಂದ.

“ಕೊಟ್ಯೇನೋ?”

ಮಾತಿಲ್ಲ.

“ಬಾಯಿ ಬಿಡೋ ಮುಠ್ಠಾಳ!”

“ಆಡು ತಿಂತು ಕಣವ್ವ.”

“ಆಡು ತಿಂತಾ? ನೀನು ನೋಡ್ಲಿಲ್ವಾ?”

“ಪೂರ್ತಿ ನೋಡ್ದೆ. ಬಾಲದ ಹತ್ತಿರ ಕರಿ ಮಚ್ಚೆ ಇತ್ತು.”

“ಅಯ್ಯೋ ನನ್ನ ಹಣೆಬರಹವೇ!” ಪುಟ್ಟೀರವ್ವ ಚಚ್ಚಿಕೊಳ್ಳೋಕೆ ಹಣೆಯಲ್ಲಿ ಜಾಗ ಹುಡುಕಿದಳು. ಗೋಡೆಯಾಚೆಯಿಂದ ದ್ಯಾವಮ್ಮನ ನಗು ಕೇಳಿಸಿತು. ಟೀಚರನ್ನ ಮತ್ತೆ ಕರೆಸಿದಳು, ಮತ್ತೆ ಅರ್ಜಿ ಬರೆಸಿದಳು. ಫೋಟೋ? ಪುಟಾಣಿ ಫೋಟೋ ಆಡಿನ ಹೊಟ್ಟೇಲಿ. ಉಳಿದದ್ದು ಗೋಡೆ ಮೇಲಿನ ಕಟ್ಟು ಹಾಕಿಸಿದ ದೊಡ್ಡ ಫೋಟೋ ಒಂದೇ.

“ಕೇಳಿಸ್ಕೋ. ಕಚೇರಿ ಪಕ್ಕದಲ್ಲಿ ಫೋಟೋ ಅಂಗಡಿ ಇದೆ. ಇದನ್ನ ತೋರಿಸಿದ್ರೆ ಚಿಕ್ಕದು ಮಾಡಿ ಕೊಡ್ತಾನೆ. ಗಾಜು ಒಡೆದೀಯ ಜೋಕೆ! ದೇವರ ಪಟ ತಗೊಂಡು ಹೋಗೋ ಹಾಗೆ ತಗೊಂಡು ಹೋಗು. ಆ ಭಯಭಕ್ತಿ ಇರಲಿ! ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು!”

“ಅಷ್ಟೇ ತಾನೇ? ಆಯ್ತು ಅಂದ್ಕೋ!”

ಶುಕ್ರವಾರ. ಅವ್ವ ಇನ್ನೂ ಮಲಗಿದ್ದಳು. ಗವಿರಂಗ ಎದ್ದ, ತಣ್ಣೀರು ಸ್ನಾನ ಮಾಡಿದ. ದೇವರ ಪಟ ಅಂದಮೇಲೆ ಹಾಗೇ ಹೊತ್ತುಕೊಂಡು ಹೋಗೋಕೆ ಆಗುತ್ತಾ? ಫೋಟೋ ಒರೆಸಿದ. ಗಾಜಿನ ಮೇಲೆ ಅವ್ವನ ಹಣೆಗೆ ಸರಿಯಾಗಿ ಕುಂಕುಮ ಇಟ್ಟ. ಸೇವಂತಿಗೆ ಹಾರ ಹಾಕಿದ. ಅರ್ಜಿ ಜೇಬಿಗಿಟ್ಟ, ಚಪ್ಪಲಿ ಬಿಟ್ಟ. ಒಂದು ಕೈಲಿ ಫೋಟೋ ಎದೆಗೆ ಅವುಚಿಕೊಂಡ, ಇನ್ನೊಂದು ಕೈಲಿ ಸಾಂಬ್ರಾಣಿ ಹೊಗೆ ಹಿಡಿದ. ತಲೆ ತಗ್ಗಿಸಿ ಹೊರಟ. ಗಾಳಿ ಎದುರಿಗೆ. ಹೊಗೆಯೆಲ್ಲಾ ಕಣ್ಣಿಗೆ. ಕಣ್ಣಲ್ಲಿ ದಳದಳ ನೀರು.

ದಾರೀಲಿ ಕಂಡೋರೆಲ್ಲಾ ರುಮಾಲು ತೆಗೆದರು. “ಅಯ್ಯೋ, ಪುಟ್ಟೀರವ್ವನಾ? ಕಾಲು ಉಳುಕಿದ್ದಷ್ಟೇ ಅಲ್ವಾ?” ಇವನು ಭುಜಕ್ಕೆ ಕಣ್ಣು ಒರೆಸಿಕೊಂಡ. “ಒಳ್ಳೇ ಜೀವ ಕಣಪ್ಪ” ಅಂದರು. “ಹೌದು” ಅಂದ. ಕೇಳಿದ್ದಕ್ಕೆ ಮಾತ್ರ ಉತ್ತರ!

ಫೋಟೋ ಅಂಗಡಿ ಮಾತು ಯಾವಾಗಲೋ ತಲೆಯಿಂದ ಹೊರಗೆ, ನೇರ ಕಚೇರಿಗೆ ಬಂದ. ಸಾಲು ಇಬ್ಭಾಗವಾಗಿ ದಾರಿ ಬಿಟ್ಟಿತು. ಪಂಕಜಾಕ್ಷಿ ಮೇಡಂ ಎದ್ದೇ ನಿಂತರು.

“ಅಯ್ಯೋ, ತಾಯೀನಾ?”

“ಹೌದು ಮೇಡಂ, ನಮ್ಮವ್ವ.”

“ನಿನ್ನೆ ಚೆನ್ನಾಗೇ ಇದ್ರಾ?”

“ರಾತ್ರಿ ನನಗೆ ಚೆನ್ನಾಗಿ ಬೈದು, ಮುದ್ದೆ ತಿಂದು ಮಲಗಿದ್ರು ಮೇಡಂ.”

“ಬೆಳಿಗ್ಗೆ?”

“ನಾನು ಹೊರಡೋವರೆಗೂ ಎದ್ದಿರಲಿಲ್ಲ.”

ಮೇಡಂ ಗಳಗಳ ಅತ್ತೇಬಿಟ್ಟರು. ಅರ್ಜಿ ಅವರೇ ಇಸ್ಕೊಂಡರು. ಕೆಂಪು ಶಾಯೀಲಿ ಅಡ್ಡಗೀಟು ಎಳೆದು, ತೀರಿಕೊಂಡಿದ್ದಾರೆ ಅಂತ ಬರೆದರು. “ನೀನೇನೂ ಯೋಚನೆ ಮಾಡಬೇಡ, ಇಲ್ಲೀ ಕೆಲಸ ಎಲ್ಲಾ ನಾನೇ ಮುಗಿಸ್ತೀನಿ. ಹೋಗಪ್ಪ, ಮನೇಲಿ ಮಾಡೋ ಕೆಲಸ ಇರ್ತದೆ.”

ಮನೇಲಿ ಕೆಲಸ ಇತ್ತು, ನಿಜ. ಸೌದೆ ಒಡೆಯಬೇಕಿತ್ತು. ಗವಿರಂಗ ಖುಷಿಯಾಗಿ ಹೊರಟ.

ಇತ್ತ ಕಡ್ಲೇಹಟ್ಟಿ. ದಾರೀಲಿ ಕಂಡೋರು ಸುದ್ದಿ ಹೊತ್ತು ತಂದಿದ್ದರು. ದ್ಯಾವಮ್ಮ ಜಡೆ ಬಿಚ್ಚಿಕೊಂಡು, ಎದೆ ಬಡಿದುಕೊಂಡು ಎಲ್ಲರಿಗಿಂತ ಮುಂದೆ ಓಡಿಬಂದಳು. ಇಲ್ಲಾದರೂ ಮೊದಲನೆಯವಳಾಗಲಿ ಅಂತ.

“ಅಯ್ಯೋ ನನ್ನ ಪುಟ್ಟೀರೀ! ಹೋಗಿಬಿಟ್ಯಾ ನನ್ನವ್ವಾ! ಇನ್ಯಾರ ಬೆನ್ನು ನೋಡ್ಕೊಂಡು ಸಾಲಲ್ಲಿ ನಿಲ್ಲಲೇ! ನಿನ್ನ ಮೊದಲೋಟು ಯಾರಿಗೆ ಬಿಟ್ಟು ಹೋದ್ಯೇ! ನಾನೇ ಹಾಕ್ಬೇಕಲ್ಲೇ!”

ಪುಟ್ಟೀರವ್ವ ಜಗುಲಿ ಮೇಲೆ ಕಾಲು ಚಾಚಿಕೊಂಡು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಿದಳು.

“ಯಾರು ಸತ್ತೋರು ದ್ಯಾವಿ?”

ದ್ಯಾವಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹಿಂದಿದ್ದ ಹೆಂಗಸರು ಅರ್ಧ ಅಳು ನುಂಗಿಕೊಂಡರು. ಆಗ ಸರಿಯಾಗಿ ಬಂದ ನೋಡಿ ಗವಿರಂಗ, ಹಾರ ಹಾಕಿದ ಫೋಟೋ ಎದೆಗೆ ಅವುಚಿಕೊಂಡು!

“ಆಯ್ತವ್ವ ಕೆಲಸ! ಮೇಡಮ್ಮ ಎಷ್ಟು ಒಳ್ಳೇರು ಅಂತೀಯ, ನಿನ್ನ ಫೋಟೋ ನೋಡಿ ಅತ್ತೇಬಿಟ್ರು! ನಿನ್ನ ಹೆಸರಿನ ಮೇಲೆ ಕೆಂಪಗೆ ಬರೆದುಕೊಂಡ್ರು, ಬೇರೆ ಯಾರ ಹೆಸರಿಗೂ ಬರೆದಿಲ್ಲ!”

ಪುಟ್ಟೀರವ್ವ ಮೊರ ಎಸೆದಳು. ಉಳುಕಿದ ಕಾಲು ಒಂದು ಇದ್ದದ್ದಕ್ಕೆ ಗವಿರಂಗ ಬದುಕಿಕೊಂಡ.

“ಬದುಕಿರೋಳ ಫೋಟೋಗೆ ಹಾರ ಹಾಕ್ತಾರೇನೋ! ಹೆತ್ತ ತಾಯಿನ ಸಾಯಿಸಿ ಬಂದ್ಯಲ್ಲೋ! ಮೊದಲು ಇಲ್ಲ ಅನ್ನಿಸ್ದೆ, ಈಗ ಸತ್ತಳು ಅನ್ನಿಸ್ದೆ!” ಬೈದು ಬೈದು ಸುಸ್ತಾಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗವಿರಂಗನಿಗೆ ಬೈಗುಳ ಗೊತ್ತಿತ್ತು, ಮುಚ್ಚಿದ ಈ ಮುಖ ಗೊತ್ತಿರಲಿಲ್ಲ. ಅವನು ಹಾರ ತೆಗೆದು ಮೆಲ್ಲಗೆ ಹಸುವಿಗೆ ಹಾಕಿದ. ಫೋಟೋನ ಗೋಡೆಗೆ ತೂಗುಹಾಕಿದ. ವಾಪಸು ಬಂದು ಅವ್ವನ ಎದುರು ಕೂತ.

“ನಾಳೆ ಇದೆಯಲ್ಲವ್ವ.”

ಅವ್ವ ತಲೆ ಎತ್ತಿದಳು. “ನಾಳೇನೇ ಕೊನೆ ರಂಗಾ. ಐದು ಗಂಟೆ ಆದ್ರೆ ನನ್ನ ಹೆಸರು ಹೋದ ಹಾಗೇ. ಎಮ್ಮೆನೂ ಇಲ್ಲ, ಮೂಲೆಮನೇನೂ ಇಲ್ಲ, ಬರೀ ಪುಟ್ಟೀರವ್ವ ಆಗ್ತೀನಿ. ಹೋಗಿ ಮೇಡಮ್ಮನ್ನ ಕೇಳು, ನಮ್ಮವ್ವ ಬದುಕಿದ್ದಾಳೆ, ಅರ್ಜಿ ಮುಗಿಸೋಕೆ ಏನೇನು ಬೇಕು ಅಂತ. ಏನೇನು ಬೇಕು ಅಂತಾರೋ ಎಲ್ಲಾ ತಗೊಂಡು ಬಾ. ಒಂದನ್ನೂ ಬಿಟ್ಟು ಬರಬೇಡ!”

“ಅಷ್ಟೇ ತಾನೇ? ಆಯ್ತು ಅಂದ್ಕೋ!”

ಶನಿವಾರ ಮಧ್ಯಾಹ್ನ. ಕೊನೇ ದಿನ ಅಂತ ಸಾಲು ಕಚೇರಿ ಗೇಟು ದಾಟಿ ರಸ್ತೆಗೆ ಬಂದಿತ್ತು. ಗವಿರಂಗ ಮೇಜಿನ ಹತ್ತಿರ ಬರೋ ಹೊತ್ತಿಗೆ ಮೇಡಂ ಕನ್ನಡಕ ತೆಗೆದಿಟ್ಟು, ಪಕ್ಕಕ್ಕೆ ತಿರುಗಿ ಊಟದ ಡಬ್ಬಿ ಬಿಚ್ಚಿದ್ದರು. ಚಿತ್ರಾನ್ನ ಒಂದು ತುತ್ತು ಬಾಯಿಗಿಟ್ಟಿದ್ದರು.

“ಮೇಡಂ, ನಮ್ಮವ್ವ ಬದುಕಿದ್ದಾರೆ.”

ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. “ಏನು? ನಿನ್ನೆ ಹಾರ ಹಾಕ್ಕೊಂಡು ಬಂದಿದ್ದೆ!”

“ಹಾರ ಹಸು ತಿಂತು ಮೇಡಂ. ಅರ್ಜಿ ಮುಗಿಸೋಕೆ ಏನೇನು ಬೇಕು ಹೇಳಿ.”

ಮೇಡಂಗೆ ಸಿಟ್ಟು ಬಂತು. ಯಾರಿಗೆ ಬರಲ್ಲ? “ಏನೇನು ಬೇಕಾ? ಈ ಮೇಜು ಬೇಕು, ಈ ಸೀಲು ಬೇಕು, ಈ ಶಾಯಿ ಪ್ಯಾಡು ಬೇಕು, ಈ ಅರ್ಜಿ ಕಟ್ಟು ಬೇಕು! ಜೊತೆಗೆ ನಿಮ್ಮವ್ವ ಬದುಕಿರೋದನ್ನ ನಾನು ಕಣ್ಣಾರೆ ನೋಡ್ಬೇಕು! ಈಗ ಊಟ ಮಾಡೋಕೆ ಬಿಡ್ತೀಯಾ?”

ಮೇಜು, ಸೀಲು, ಪ್ಯಾಡು, ಕಟ್ಟು, ಕಣ್ಣು. ಅಷ್ಟೇ ತಾನೇ? ಗವಿರಂಗ ಸೀಲು, ಪ್ಯಾಡು, ಕಟ್ಟು ಮೂರನ್ನೂ ಮೇಜಿನ ಖಾನೆಗೆ ಹಾಕಿದ. ಕಣ್ಣು ಹೊತ್ತುಕೊಂಡು ಹೋಗೋಕೆ ಆಗಲ್ಲ ಅಂತ ಅವನಿಗೂ ಗೊತ್ತು. ಕನ್ನಡಕ ಎತ್ತಿ ಜೇಬಿಗಿಟ್ಟ. ಬಗ್ಗಿದ. ಒನಕೆ ತೋಳು ಅಂದೆನಲ್ಲ? ಇಡೀ ಮೇಜು ಎತ್ತಿ ತಲೆ ಮೇಲಿಟ್ಟುಕೊಂಡು ದಾರಿ ಹಿಡಿದ!

“ಅಯ್ಯೋ! ನನ್ನ ಮೇಜು! ನನ್ನ ಸೀಲು! ನನ್ನ ಕನ್ನಡಕ!” ಮೇಡಂ ಎಂಜಲು ಕೈಯಲ್ಲೇ ಹಿಂದೆ ಓಡಿದರು. ಸಾಲಿನವರು ನೋಡಿದರು. ಮೇಜು ಹೋದರೆ ತಮ್ಮ ಅರ್ಜಿ ಏನಾಗಬೇಕು? ಅವರೂ ಹೊರಟರು. ಆದರೆ ಬೆಳ್ಳಂಬೆಳಿಗ್ಗೆಯಿಂದ ನಿಂತು ಸಂಪಾದಿಸಿದ ಸರದಿ ಬಿಟ್ಟುಕೊಡೋಕೆ ಯಾರಿಗೂ ಮನಸ್ಸಿಲ್ಲ. ಮುಂದಿನವನ ಹೆಗಲು ಹಿಂದಿನವನು ಹಿಡ್ಕೊಂಡು, ಸಾಲು ಮುರಿಯದ ಹಾಗೆ, ಕಚೇರಿ ಬಿಟ್ಟು, ಕೆರೆ ಏರಿ ದಾಟಿ, ಹೊಲದ ಬದು ಹಿಡಿದು, ಮೇಜಿನ ಹಿಂದೆ ಮೇಡಂ, ಮೇಡಂ ಹಿಂದೆ ಸಾಲು!

ಜಗುಲಿ ಮೇಲೆ ಕೂತಿದ್ದ ಪುಟ್ಟೀರವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಒಂದು ಮೇಜು ನಡ್ಕೊಂಡು ಬರ್ತಾ ಇದೆ!

ಗವಿರಂಗ ಅಂಗಳದಲ್ಲಿ ಮೇಜು ಇಳಿಸಿದ. “ತಗೋ ಅವ್ವ. ಮೇಜು, ಸೀಲು, ಪ್ಯಾಡು, ಕಟ್ಟು. ಒಂದನ್ನೂ ಬಿಟ್ಟು ಬಂದಿಲ್ಲ.” ಏದುಸಿರು ಬಿಡುತ್ತಾ ಬಂದ ಮೇಡಂ ಮೂಗಿಗೆ ಕನ್ನಡಕ ಏರಿಸಿದ. “ಈಗ ಕಣ್ಣಾರೆ ನೋಡಿ ಮೇಡಂ.”

ಮೇಡಂ ನೋಡಿದರು. ಎದುರಿಗೆ ಪುಟ್ಟೀರವ್ವ. ಕೈಲಿ ಪೊರಕೆ. ಬಾಯಲ್ಲಿ ಬೈಗುಳ. “ಲೋ ಕತ್ತೇ! ಸರ್ಕಾರಿ ಮೇಜು ಕಿತ್ಕೊಂಡು ಬಂದ್ಯೇನೋ! ಜೈಲಿಗೆ ಹಾಕ್ತಾರೆ ಕಣೋ! ತಾಯಿ, ತಪ್ಪಾಯ್ತು, ಇವನಿಗೆ ಬುದ್ಧಿ ತೆಳು, ನನ್ನ ಮುಖ ನೋಡಿ ಬಿಟ್ಟುಬಿಡಿ!”

ಮೇಡಂ ನಗಬೇಕೋ ಅಳಬೇಕೋ ತಿಳೀದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೈ ತೊಳೆದರು, ಒಂದು ಚೊಂಬು ಮಜ್ಜಿಗೆ ಕುಡಿದರು. ಗಡಿಯಾರ ನೋಡಿಕೊಂಡರು. ಐದಕ್ಕೆ ಇನ್ನೂ ಹೊತ್ತಿತ್ತು.

“ಇಷ್ಟು ಬೈಯ್ಯೋರು ಸತ್ತಿರೋಕೆ ಸಾಧ್ಯವೇ ಇಲ್ಲ. ಮನೆಗೇ ಬಂದು ನೋಡಿದ ಹಾಗಾಯ್ತು. ತೆಗೆಯೋ ಸೀಲು!” ಅಂದರು. ಕೆಂಪು ಬರಹಕ್ಕೆ ಗೀಟು ಎಳೆದು, ಜೀವಂತವಾಗಿದ್ದಾರೆ ಅಂತ ಬರೆದರು. ಗೋಡೆ ಮೇಲಿನ ಫೋಟೋನ ತಮ್ಮ ಮೊಬೈಲಲ್ಲೇ ಹಿಡಿದುಕೊಂಡರು. ಡಬ್ಬನೆ ಸೀಲು ಬಿತ್ತು! ಆಮೇಲೆ ಸಾಲಿನವರ ಅರ್ಜಿಯೆಲ್ಲಾ ಅದೇ ಅಂಗಳದಲ್ಲಿ ಮುಗಿಸಿದರು. ಗೋಡೆಯಾಚೆಯಿಂದ ದ್ಯಾವಮ್ಮ ನೋಡ್ತಾನೇ ಇದ್ದಳು, ನಗಲಿಲ್ಲ.

ಹೋಗೋವಾಗ ಮೇಡಂ ಗವಿರಂಗನಿಗೆ ಬೆರಳು ಅಲ್ಲಾಡಿಸಿದರು. “ಇದು ಒಂದು ಸಲ ಆಯ್ತು. ಮೇಜು ಎಲ್ಲಿತ್ತೋ ಅಲ್ಲಿಗೇ ತಂದಿಡು. ಸರ್ಕಾರದ್ದು ಯಾವುದನ್ನೂ ಜಾಗದಿಂದ ಕದಲಿಸಬಾರದು!”

ಅವನು ಮೇಜು ಹೊತ್ತುಕೊಂಡು ಹೋಗಿ, ಇದ್ದಲ್ಲೇ ಇಟ್ಟು ಬಂದ. ಹಾಗಾದ್ರೆ ಬುದ್ಧಿ ಬಂತಾ? ತಡೀರಿ, ಹೇಳ್ತೀನಿ.

ದಿನ ಕಳೆದವು. ದಬ್ಬೆ ಬಿಚ್ಚಿದರು. ಪುಟ್ಟೀರವ್ವನ ಹೊಸ ಕಾರ್ಡು ಬಂತು. ಓಟಿನ ದಿನವೂ ಬಂತು. ಕಾಲು ಇನ್ನೂ ಕುಂಟುತ್ತಿತ್ತು, ಕೋಲೂರಿಕೊಂಡು ಹೋಗೋಷ್ಟರಲ್ಲಿ ದ್ಯಾವಮ್ಮ ಮುಂದೆ ನಿಂತಿರ್ತಾಳೆ. ಕೋಳಿ ಕೂಗೋ ಮುಂಚೆ ಮಗನನ್ನ ಎಬ್ಬಿಸಿದಳು.

“ರಂಗಾ! ಶಾಲೆ ಬಾಗಿಲಲ್ಲಿ ಒಂದು ಚಪ್ಪಡಿ ಕಲ್ಲಿದೆ ನೋಡು, ಅದೇ ಮೊದಲನೇ ಜಾಗ. ಹೋಗಿ ಅದರ ಮೇಲೆ ನಿಂತ್ಕೋ. ಯಾರು ಬಂದ್ರೂ ಬಿಡಬೇಡ. ಪೊಲೀಸಪ್ಪ ಬಂದ್ರೂ ಬಿಡಬೇಡ. ದೇವರೇ ಬಂದ್ರೂ ಬಿಡಬೇಡ!”

“ಅಷ್ಟೇ ತಾನೇ? ಆಯ್ತು ಅಂದ್ಕೋ!”

ಹೋಗಿ ನಿಂತ. ದ್ಯಾವಮ್ಮ ಬಂದಳು. “ಸರ್ಕೊಳ್ಳೋ ರಂಗ, ಇದು ಹೆಂಗಸರ ಸಾಲು. ನಿನಗಿನ್ನೂ ಓಟಿನ ವಯಸ್ಸೇ ಆಗಿಲ್ಲ.”

“ಬಿಡಲ್ಲ ಅತ್ತೆ. ನಮ್ಮವ್ವನ ಜಾಗ.”

ಪೊಲೀಸಪ್ಪ ಬಂದ. ಲಾಠಿ ತೋರಿಸಿದ. “ಬಿಡಲ್ಲ ಅಣ್ಣ.” ತಳ್ಳಿ ನೋಡಿದ. ಗೋಡೆ ತಳ್ಳಿದ ಹಾಗಾಯ್ತು, ಸುಮ್ಮನಾದ.

ಆಗ ಬಂದಳು ಪುಟ್ಟೀರವ್ವ. ಒಗೆದ ಸೀರೆ, ಮುಡಿಗೆ ಹೂವು, ಒಂದು ಕೈಲಿ ಕೋಲು, ಒಂದು ಕೈಲಿ ಕಾರ್ಡು. ಊರಿಗೆ ಊರೇ ನೋಡ್ತಾ ಇದೆ. “ಭೇಷ್ ಮಗನೇ! ಸರ್ಕೋ ಈಗ.”

“ಬಿಡಲ್ಲ ಅವ್ವ.”

“ಲೋ, ನಾನು ಕಣೋ! ನಿಮ್ಮವ್ವ!”

“ಯಾರು ಬಂದ್ರೂ ಬಿಡಬೇಡ ಅಂದೆ. ನಾನು ಬಂದ್ರೆ ಬಿಡು ಅನ್ನಲಿಲ್ಲ.”

ಸಾಲು ಹೋ ಅಂತ ನಕ್ಕಿತು. ಎಲ್ಲರಿಗಿಂತ ಜೋರಾಗಿ ದ್ಯಾವಮ್ಮ. ಒಳಗೆ ಗಂಟೆ ಬಾರಿಸಿದರು, ಓಟು ಶುರು. ಬೇರೆ ದಿನ ಆಗಿದ್ದರೆ ಪುಟ್ಟೀರವ್ವ ಹಣೆ ಚಚ್ಚಿಕೊಳ್ಳೋಳು. ಅವತ್ತು ಚಚ್ಚಿಕೊಳ್ಳಲಿಲ್ಲ. ಹೆತ್ತವಳಲ್ಲವಾ, ಆ ತಲೆಯ ಬಾಗಿಲು ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು.

“ಆಗಲಿ ಮಗ, ನಿನ್ನ ಜಾಗ ನೀನೇ ಇಟ್ಕೋ. ಈ ಚಪ್ಪಡಿ ಮುಂದೆ ಹೊಸ್ತಿಲಿದೆಯಲ್ಲ, ಅದನ್ನೂ ಹಿಡ್ಕೊಂಡಿದ್ದೀಯಾ?”

ಗವಿರಂಗ ಯೋಚಿಸಿದ. ಅವ್ವ ಹೇಳಿದ್ದು ಚಪ್ಪಡಿ. ಹೊಸ್ತಿಲ ಸುದ್ದಿ ಎತ್ತಿರಲಿಲ್ಲ. “ಇಲ್ಲವ್ವ, ಅದು ಖಾಲಿ.”

“ಹಂಗಾದ್ರೆ ನಾನು ಅಲ್ಲಿ ನಿಲ್ತೀನಿ.”

“ಧಾರಾಳವಾಗಿ ನಿಂತ್ಕೋ!”

ಪುಟ್ಟೀರವ್ವ ಕೋಲೂರಿಕೊಂಡು ಮಗನ ಪಕ್ಕದಲ್ಲಿ ತೂರಿ ಹೊಸ್ತಿಲ ಮೇಲೆ ನಿಂತಳು. ಅಲ್ಲಿಂದ ಒಳಗೆ. ಬೆರಳಿಗೆ ಮೊದಲ ಮಸಿ, ಅವಳದ್ದೇ! ಹೊರಗೆ ಬಂದು ಆ ಬೆರಳನ್ನ ದ್ಯಾವಮ್ಮನ ಮೂಗಿನ ಹತ್ತಿರ ಹಿಡಿದು, ಮನೆ ಕಡೆ ಕುಂಟಿಕೊಂಡು ಹೊರಟಳು. ದ್ಯಾವಮ್ಮ ಎರಡನೆಯವಳಾಗಿ ಪಕ್ಕದಲ್ಲಿ ತೂರಿದಳು. ಅವಳ ಹಿಂದೆ ಎಮ್ಮೆ ಪುಟ್ಟೀರವ್ವ, ಮೂಲೆಮನೆ ಪುಟ್ಟೀರವ್ವ, ಊರಿನ ಅಷ್ಟೂ ಹೆಂಗಸರು. ಹೊಳೆ ನಡುವೆ ಬಂಡೆ ನಿಂತ ಹಾಗೆ ಗವಿರಂಗ ನಿಂತೇ ಇದ್ದ.

ಸಂಜೆಯಾಯ್ತು. ಓಟಿನ ಪೆಟ್ಟಿಗೆ ಕಟ್ಟಿದರು, ಗಾಡಿ ಹೊರಟಿತು, ಪೊಲೀಸಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದ. ಗವಿರಂಗ ನಿಂತೇ ಇದ್ದ. ಅವ್ವ ಜಗುಲಿ ಮೇಲಿಂದ ಕೂಗಿದಳು. “ರಂಗಾ! ಹೊತ್ತು ಮುಳುಗ್ತು! ಮುದ್ದೆ ಆರ್ತದೆ, ಮನೆಗೆ ಬಾರೋ!”

ಮನೆಗೆ ಬಾ. ಜಾಗ ಬಿಡಬೇಡ. ಗವಿರಂಗನ ತಲೇಲಿ ಹುಟ್ಟಿದಾಗಿನಿಂದ ಮೊದಲ ಸಲ ಎರಡು ಮಾತು ಒಟ್ಟಿಗೆ ನಿಂತವು. ಒಂದನ್ನೂ ಅವನು ಹೊರಗೆ ಹಾಕಲಿಲ್ಲ. ಬಗ್ಗಿದ. ಚಪ್ಪಡಿಯ ಅಂಚಿಗೆ ಬೆರಳು ಹಾಕಿದ. ಹೂಂ ಅಂದ!

ಜಗುಲಿ ಮುಂದೆ ಧಡ್ ಅಂತ ಸದ್ದಾಯ್ತು. ಮೂರು ಕೋಳಿಯೂ ಹಾರಿದವು. ಪುಟ್ಟೀರವ್ವ ಮುದ್ದೆ ತಟ್ಟೆ ಹಿಡ್ಕೊಂಡೇ ಹೊರಗೆ ಓಡಿಬಂದಳು. ಬಾಗಿಲ ಮುಂದೆ ಶಾಲೆಯ ಚಪ್ಪಡಿ. ಚಪ್ಪಡಿ ಮೇಲೆ ಮಗ.

“ಮನೆಗೂ ಬಂದೆ ಅವ್ವ, ಜಾಗಾನೂ ಬಿಡಲಿಲ್ಲ! ಮುಂದಿನ ಓಟಿಗೆ ನನಗೂ ವಯಸ್ಸಾಗ್ತದೆ. ಆಗ ಕೋಳಿ ಕೂಗೋ ಮುಂಚೆ ಏಳೋದೇ ಬೇಡ. ನೀನು ಈ ಕಡೆ ನಿಲ್ಲು, ನಾನು ಆ ಕಡೆ ನಿಲ್ತೀನಿ. ಮೊದಲನೇ ಜಾಗ ನಮ್ಮ ಮನೆ ಬಾಗಿಲಲ್ಲೇ ಇದೆ!”

ಪುಟ್ಟೀರವ್ವ ಬೈಯ್ಯೋಕೆ ಬಾಯಿ ತೆರೆದಳು. ಮಸಿ ಹಚ್ಚಿದ ಬೆರಳು ನೋಡಿಕೊಂಡಳು. ತೆರೆದ ಬಾಯಿ ಮುಚ್ಚಿದಳು. ತಟ್ಟೆಯನ್ನ ಚಪ್ಪಡಿ ಮೇಲಿಟ್ಟು, “ತಿನ್ನು” ಅಂದಳು.

ಬೆಳಿಗ್ಗೆ ಹೆಡ್‌ಮೇಷ್ಟ್ರು ಶಾಲೆ ಬಾಗಿಲ ಹಳ್ಳದಲ್ಲಿ ಮೊಣಕಾಲುದ್ದ ಇಳಿದು ಕೂಗಿಕೊಂಡರು. ಚಪ್ಪಡಿ ಎತ್ತೋಕೆ ಎಂಟು ಜನ ಬಂದರು, ಆಗದೆ ಮಜ್ಜಿಗೆ ಕುಡಿದು ಹೋದರು. ಮತ್ತೆ ಓಟು ಬಂದಾಗ ಏನಾಯ್ತು ಅಂತೀರಾ? ದ್ಯಾವಮ್ಮ ಕೋಳಿ ಕೂಗೋ ಮುಂಚೆ ಎದ್ದು, ಬುತ್ತಿ ಕಟ್ಟಿಕೊಂಡು, ಓಡೋಡಿ ಬಂದು ನಿಂತಳು ನೋಡಿ, ಶಾಲೆ ಬಾಗಿಲಲ್ಲಲ್ಲ, ಪುಟ್ಟೀರವ್ವನ ಬಾಗಿಲಲ್ಲಿ, ಚಪ್ಪಡಿಯ ಹಿಂದೆ, ಎರಡನೆಯವಳಾಗಿ!

ಹೂಂಗುಟ್ಟಿದೋರು ಏಳಿ, ನಿದ್ದೆ ಹೋದೋರನ್ನ ಎಬ್ಬಿಸಿ. ಕಡ್ಲೇಹಟ್ಟಿ ಕಡೆ ಹೋದರೆ ಆ ಚಪ್ಪಡಿ ಮೇಲೆ ಮಾತ್ರ ಕೂರಬೇಡಿ. ಗವಿರಂಗ ಇನ್ನೂ ಜಾಗ ಬಿಟ್ಟಿಲ್ಲ.